ಉಚಿತ ಪ್ರವೇಶದ ದಿನ ಆರ್ಟ್ ಮ್ಯೂಸಿಯಂಗೆ: ಮೊದಲ ಸಲ ಹೋಗುವವರಿಗೆ ಹಂತ ಹಂತವಾಗಿ

ಪ್ರತಿ ವರ್ಷ ಮೇ 18 ಅಂತರರಾಷ್ಟ್ರೀಯ ಮ್ಯೂಸಿಯಂ ದಿನ. ಮ್ಯೂಸಿಯಂಗಳ ಜಾಗತಿಕ ಸಂಘಟನೆ ಐಕಾಮ್ 1977ರಲ್ಲಿ ಇದನ್ನು ಶುರು ಮಾಡಿತು. ಆ ದಿನ ಅಥವಾ ಅದರ ಆಸುಪಾಸಿನಲ್ಲಿ ಎಷ್ಟೋ ಮ್ಯೂಸಿಯಂಗಳಿಗೆ ಟಿಕೆಟ್ ಇಲ್ಲದೆ ಹೋಗಬಹುದು. 2022ರಲ್ಲಿ ಕೇಂದ್ರ ಸಂಸ್ಕೃತಿ ಸಚಿವಾಲಯ ತನ್ನ ಮ್ಯೂಸಿಯಂಗಳಲ್ಲಿ ಮೇ 16ರಿಂದ 20ರವರೆಗೂ ಉಚಿತ ಪ್ರವೇಶ ಕೊಟ್ಟಿತ್ತು.

‘ಮಾಡರ್ನ್ ಆರ್ಟ್ ನಮಗೆಲ್ಲಿ ಅರ್ಥವಾಗುತ್ತೆ’ ಎಂದು ಇಷ್ಟು ದಿನ ಗೇಟಿನಾಚೆಯೇ ಉಳಿದಿದ್ದೀರಾ? ಭಯಪಡಬೇಡಿ. ಚಿತ್ರಕಲೆ ಕಲಿತಿರಬೇಕಿಲ್ಲ, ಇಂಗ್ಲಿಷ್ ಚೆನ್ನಾಗಿ ಬರಬೇಕಿಲ್ಲ. ಎರಡು ಗಂಟೆ ಬಿಡುವು ಮಾಡಿಕೊಂಡರೆ ಸಾಕು. ಉದಾಹರಣೆಗೆ ಬೆಂಗಳೂರಿನ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯನ್ನು, ಅಂದರೆ ಎಲ್ಲರೂ ಎನ್‌ಜಿಎಂಎ ಅನ್ನುವ ಜಾಗವನ್ನು ತೆಗೆದುಕೊಳ್ಳೋಣ. ಬೇರೆ ಯಾವ ಆರ್ಟ್ ಮ್ಯೂಸಿಯಂಗೆ ಹೋದರೂ ಇದೇ ಕ್ರಮ ನಡೆಯುತ್ತದೆ.

ಹಂತ 1: ದಿನ ಖಚಿತ ಮಾಡಿಕೊಳ್ಳಿ

ಉಚಿತ ಪ್ರವೇಶ ಯಾವತ್ತು, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಎಂದು ಮ್ಯೂಸಿಯಂನ ವೆಬ್‌ಸೈಟ್‌ನಲ್ಲಿ ನೋಡಿ. ಸಿಗದಿದ್ದರೆ ಫೋನ್ ಮಾಡಿ ಕೇಳಿ. ಹೋದ ವರ್ಷ ಇತ್ತು, ಈ ವರ್ಷವೂ ಇರುತ್ತದೆ ಎಂದುಕೊಂಡು ಹೊರಡಬೇಡಿ.

ಎಚ್ಚರಿಕೆ: ಎನ್‌ಜಿಎಂಎಗೆ ಸೋಮವಾರ ರಜೆ. ಮೇ 18 ಸೋಮವಾರವೇ ಬಂದರೆ ಇನ್ನೊಮ್ಮೆ ಕೇಳಿಕೊಳ್ಳಿ.

ಹಂತ 2: ಬೆಳಗಿನ ಹೊತ್ತು ಆರಿಸಿಕೊಳ್ಳಿ

ಉಚಿತ ದಿನ ಜನ ಜಾಸ್ತಿ. ಮಧ್ಯಾಹ್ನದ ಮೇಲೆ ಕುಟುಂಬಗಳು, ಶಾಲಾ ಮಕ್ಕಳು, ಕಾಲೇಜಿನ ಗುಂಪುಗಳು ಸೇರುತ್ತವೆ. ಬಾಗಿಲು ತೆಗೆಯುವ ಹೊತ್ತಿಗೇ ಹೋದರೆ ಮೊದಲ ಒಂದು ಗಂಟೆ ನಿರಾಳವಾಗಿ ನೋಡಬಹುದು.

ಹಂತ 3: ಚೀಲ ಹಗುರ ಮಾಡಿ

ಒಂದು ಸಣ್ಣ ನೋಟ್‌ಬುಕ್, ಒಂದು ಪೆನ್ಸಿಲ್, ಗುರುತಿನ ಚೀಟಿ, ಇಷ್ಟು ಸಾಕು. ಪೆನ್ ಬೇಡ, ಕೃತಿಗಳ ಹತ್ತಿರ ಶಾಯಿ ಬೇಡವೆಂದು ಎಷ್ಟೋ ಮ್ಯೂಸಿಯಂಗಳಲ್ಲಿ ಪೆನ್ಸಿಲ್‌ಗೆ ಮಾತ್ರ ಬಿಡುತ್ತಾರೆ. ದೊಡ್ಡ ಬ್ಯಾಗನ್ನು ಕೌಂಟರ್‌ನಲ್ಲಿ ಇಡಬೇಕಾಗುತ್ತದೆ. ನಿಂತು ನಡೆದು ನೋಡುವ ಕೆಲಸವಾದ್ದರಿಂದ ಕಾಲಿಗೆ ಹಿತವಾದ ಚಪ್ಪಲಿಯೋ ಶೂವೋ ಹಾಕಿಕೊಳ್ಳಿ.

ಹಂತ 4: ಜಾಗ ತಲುಪಿ

ಎನ್‌ಜಿಎಂಎ ಇರುವುದು ವಸಂತನಗರದ ಅರಮನೆ ರಸ್ತೆಯಲ್ಲಿ, ಮಾಣಿಕ್ಯವೇಲು ಮ್ಯಾನ್ಷನ್ ಎಂಬ ಹಳೆಯ ಬಂಗಲೆಯಲ್ಲಿ. ಮೆಟ್ರೋದಲ್ಲಿ ಬರುವವರು ವಿಧಾನಸೌಧ ನಿಲ್ದಾಣದಲ್ಲಿ ಇಳಿದು ಆಟೋ ಹಿಡಿಯಬಹುದು. ದೆಹಲಿಯಲ್ಲಿ 1954ರಲ್ಲಿ, ಮುಂಬೈನಲ್ಲಿ 1996ರಲ್ಲಿ ಶುರುವಾದ ಗ್ಯಾಲರಿಯ ಬೆಂಗಳೂರು ಶಾಖೆ ಇದು, 2009ರಲ್ಲಿ ತೆರೆಯಿತು. ಬಂಗಲೆಯ ಜೊತೆಗೆ ಹೊಸ ಕಟ್ಟಡವೂ ಸೇರಿದೆ, ಸುತ್ತ ದೊಡ್ಡ ಮರಗಳಿವೆ. ಒಳಗೆ ಹೋಗುವ ಮುಂಚೆ ಐದು ನಿಮಿಷ ಆ ನೆರಳಿನಲ್ಲಿ ಕೂತುಕೊಳ್ಳಿ. ಟ್ರಾಫಿಕ್‌ನ ಗದ್ದಲ ತಲೆಯಿಂದ ಇಳಿಯಲಿ.

ಹಂತ 5: ಕೌಂಟರ್‌ನಲ್ಲಿ ಮೂರು ಪ್ರಶ್ನೆ ಕೇಳಿ

‘ಇವತ್ತು ಯಾವ ಪ್ರದರ್ಶನ ಇದೆ?’ ‘ಯಾರಾದರೂ ಜೊತೆಗೆ ಬಂದು ವಿವರಿಸ್ತಾರಾ, ಎಷ್ಟು ಗಂಟೆಗೆ?’ ‘ಫೋಟೋ ತೆಗೀಬಹುದಾ?’ ಕನ್ನಡದಲ್ಲೇ ಕೇಳಿ, ಸಂಕೋಚ ಬೇಡ. ಫೋಟೋಗೆ ಒಪ್ಪಿಗೆ ಇದ್ದರೂ ಫ್ಲ್ಯಾಶ್ ಆಫ್ ಮಾಡಿಡಿ.

ಒಂದು ಕೋಣೆಯಲ್ಲಿ ಬೆಳಕು ತೀರಾ ಮಂದವಾಗಿದ್ದರೆ ಅದು ದೀಪದ ದೋಷವಲ್ಲ. ಕಾಗದದ ಮೇಲಿನ ಜಲವರ್ಣ ಹೆಚ್ಚು ಬೆಳಕಿಗೆ ಮಾಸುತ್ತದೆ, ಅದಕ್ಕೇ ಆ ಜೋಪಾನ. ನಿಮ್ಮ ಕಣ್ಣು ಒಂದೆರಡು ನಿಮಿಷದಲ್ಲಿ ಹೊಂದಿಕೊಳ್ಳುತ್ತದೆ.

ಹಂತ 6: ಎಲ್ಲೂ ನಿಲ್ಲದೆ ಒಂದು ಸುತ್ತು ಹಾಕಿ

ಮೊದಲು ಎಲ್ಲ ಕೋಣೆಗಳನ್ನೂ ಸುಮ್ಮನೆ ನಡೆದು ಬನ್ನಿ. ಹದಿನೈದು ನಿಮಿಷ ಸಾಕು. ಏನನ್ನೂ ಓದಬೇಡಿ. ಕಣ್ಣು ಎಲ್ಲಿ ತಾನಾಗಿ ತಿರುಗಿತು, ಅದನ್ನಷ್ಟೇ ಗಮನಿಸಿ.

ಎಚ್ಚರಿಕೆ: ಹೊಸಬರು ಎಡವುವುದು ಇಲ್ಲೇ. ಮೊದಲ ಗೋಡೆಯಿಂದ ಶುರು ಮಾಡಿ ಪ್ರತಿ ಚಿತ್ರದ ಪಕ್ಕದ ಬರಹವನ್ನೂ ಓದುತ್ತಾ ಹೋಗುತ್ತಾರೆ. ಮೂರನೇ ಕೋಣೆಗೆ ಬರುವಷ್ಟರಲ್ಲಿ ಕಾಲು ಸೋತಿರುತ್ತದೆ, ತಲೆ ತುಂಬಿರುತ್ತದೆ.

ಹಂತ 7: ಮೂರೇ ಮೂರು ಕೃತಿ ಆರಿಸಿ

ಉಚಿತ ದಿನದ ನಿಜವಾದ ಲಾಭ ಇದು. ದುಡ್ಡು ಕೊಟ್ಟು ಬಂದ ದಿನ ಎಲ್ಲವನ್ನೂ ನೋಡಿಯೇ ಹೋಗಬೇಕು ಎನಿಸುತ್ತದೆ. ಇವತ್ತು ಆ ಲೆಕ್ಕವಿಲ್ಲ. ಮನಸ್ಸಿಗೆ ಹಿಡಿಸಿದ್ದು ಒಂದು, ಸಿಟ್ಟು ತರಿಸಿದ್ದು ಒಂದು, ‘ಇದೇನಪ್ಪಾ’ ಅನ್ನಿಸಿದ್ದು ಒಂದು. ಮೂರನ್ನೂ ನೋಟ್‌ಬುಕ್‌ನಲ್ಲಿ ಗುರುತು ಮಾಡಿಕೊಳ್ಳಿ. ಉಳಿದವನ್ನು ಇವತ್ತಿಗೆ ಬಿಟ್ಟುಬಿಡಿ.

ಹಂತ 8: ಲೇಬಲ್ ಓದದೆ ನೋಡಿ

ಮೊದಲ ಕೃತಿಯ ಮುಂದೆ ಮೂರು ನಿಮಿಷ ನಿಲ್ಲಿ. ಬೆಂಚಿದ್ದರೆ ಕೂತುಕೊಳ್ಳಿ. ಏನು ಕಾಣುತ್ತಿದೆ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳಿ: ‘ಕೆಂಪು ಜಾಸ್ತಿ ಇದೆ, ಮೂಲೆಯಲ್ಲಿ ಒಬ್ಬ ಹೆಂಗಸು, ಅವಳ ಮುಖ ಅತ್ತ ತಿರುಗಿದೆ.’ ಇಷ್ಟು ಸರಳವಾಗಿ. ಆಮೇಲೆ ನಾಲ್ಕು ಹೆಜ್ಜೆ ಹಿಂದೆ ಬಂದು ನೋಡಿ, ಮತ್ತೆ ಹತ್ತಿರ ಹೋಗಿ ನೋಡಿ. ದೂರದಿಂದ ಕಂಡ ಬಣ್ಣ ಹತ್ತಿರದಲ್ಲಿ ಬೇರೆಯೇ ಆಗಿರಬಹುದು.

ಎಚ್ಚರಿಕೆ: ಮುಟ್ಟಬೇಡಿ, ಬೆರಳು ಚಾಚಿ ತೋರಿಸುವಾಗಲೂ ಒಂದು ತೋಳಿನಷ್ಟು ದೂರ ಇರಲಿ. ಚೆನ್ನಾಗಿ ತೊಳೆದ ಕೈಯಲ್ಲೂ ಬೆವರು, ಜಿಡ್ಡು ಇರುತ್ತದೆ. ಅದು ಬಣ್ಣಕ್ಕೂ ಲೋಹಕ್ಕೂ ಹಾನಿ.

ಹಂತ 9: ಈಗ ಲೇಬಲ್ ಓದಿ

ಸಾಮಾನ್ಯವಾಗಿ ಅದರಲ್ಲಿ ಕಲಾವಿದರ ಹೆಸರು, ಕೃತಿಯ ಹೆಸರು, ವರ್ಷ, ಯಾವುದರಿಂದ ಮಾಡಿದ್ದು, ಅಳತೆ ಇಷ್ಟಿರುತ್ತದೆ. ‘ಅನ್‌ಟೈಟಲ್ಡ್’ ಎಂದಿದ್ದರೆ ಗಾಬರಿ ಬೇಡ; ಕಲಾವಿದರು ಹೆಸರಿಟ್ಟಿಲ್ಲ ಎಂದಷ್ಟೇ ಅರ್ಥ. ‘ಮಿಕ್ಸೆಡ್ ಮೀಡಿಯಾ’ ಎಂದರೆ ಒಂದಕ್ಕಿಂತ ಹೆಚ್ಚು ಬಗೆಯ ಸಾಮಗ್ರಿ ಬಳಸಿದ್ದಾರೆ ಎಂದು. ವಿಡಿಯೋ ಕೃತಿಯಾದರೆ ಎಷ್ಟು ನಿಮಿಷದ್ದು ಎಂದು ನೋಡಿಕೊಳ್ಳಿ. ಅದು ಮತ್ತೆ ಮತ್ತೆ ಮೊದಲಿನಿಂದ ಓಡುತ್ತಿರುತ್ತದೆ, ನಡುವೆ ಹೋದರೂ ಕಾಯಬಹುದು.

ಎಲ್ಲಕ್ಕಿಂತ ಮುಖ್ಯವಾಗಿ ‘ಯಾವುದರಿಂದ ಮಾಡಿದ್ದು’ ಎಂಬ ಸಾಲನ್ನು ಬಿಡಬೇಡಿ. ಉದಾಹರಣೆಗೆ, ಭದ್ರಾವತಿಯಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡ ಅವರ ‘ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್’ ಕೃತಿಯನ್ನೇ ನೋಡಿ. ದೂರದಿಂದ ಅದು ಗೋಡೆಯಿಂದ ಇಳಿದು ನೆಲಕ್ಕೆ ಹರಿದ ಉದ್ದನೆಯ ಕೆಂಪು ಹಗ್ಗ. ಆದರೆ ಅದನ್ನು ಮಾಡಿರುವುದು ಸೂಜಿಗಳಲ್ಲಿ ಪೋಣಿಸಿದ ದಾರಗಳನ್ನು ಕುಂಕುಮ ಬೆರೆಸಿದ ಅಂಟಿನಲ್ಲಿ ಒಂದಾಗಿಸಿ. ಆ ಸೂಜಿಗಳೆಲ್ಲ ಹಗ್ಗದ ತುದಿಯಲ್ಲಿ ಗೊಂಚಲಾಗಿ ನಿಂತಿವೆ. ಸೂಜಿ, ದಾರ, ಕುಂಕುಮ ಎಂದು ಓದಿದ ಕ್ಷಣ ನಮ್ಮ ಮನೆಯ ಹೆಂಗಸರ ದುಡಿಮೆ, ನೋವು ಎಲ್ಲ ನೆನಪಾಗುತ್ತದೆ. ನಿಮಗೆ ಗೊತ್ತಿರುವ ವಸ್ತುವೇ ನಿಮ್ಮನ್ನು ಕೃತಿಯೊಳಗೆ ಕರೆದುಕೊಂಡು ಹೋಗುತ್ತದೆ.

ಹಂತ 10: ಮತ್ತೊಮ್ಮೆ ಕೃತಿಯತ್ತ ತಿರುಗಿ

ಲೇಬಲ್ ಓದಿ ಹಾಗೇ ಮುಂದೆ ಹೋಗಬೇಡಿ. ಇನ್ನೊಂದು ನಿಮಿಷ ನೋಡಿ. ಮೊದಲು ಕಾಣದ್ದು ಈಗ ಏನು ಕಂಡಿತು? ಒಂದೇ ಒಂದು ಸಾಲು ಬರೆದುಕೊಳ್ಳಿ. ಉಳಿದೆರಡು ಕೃತಿಗಳಿಗೂ ಹೀಗೇ ಮಾಡಿ.

ಹಂತ 11: ಅರ್ಥವಾಗದ್ದನ್ನು ಕೇಳಿ

ವಿವರಿಸುವವರು ಇದ್ದರೆ ‘ಇದರಲ್ಲಿ ಏನನ್ನ ನೋಡಬೇಕು?’ ಎಂದು ಕೇಳಿ. ಇಲ್ಲದಿದ್ದರೆ ಜೊತೆಗೆ ಬಂದವರನ್ನೇ ಕೇಳಿ. ಎಷ್ಟೋ ಸಲ ಸುಳಿವು ನಿಮಗೆ ಗೊತ್ತಿರುವ ಚಿತ್ರದಲ್ಲೇ ಇರುತ್ತದೆ, ಯಾಕೆಂದರೆ ಹೊಸ ಕಲೆ ಹಳೆಯ ಕಲೆಯ ಜೊತೆ ಮಾತಾಡುತ್ತಿರುತ್ತದೆ. ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ ಅವರು ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರ ಜೊತೆ ಮಾಡಿದ ಒಂದು ಫೋಟೋ ಸರಣಿಯಲ್ಲಿ ರಾಜಾ ರವಿವರ್ಮ ಚಿತ್ರಿಸಿದ ಲಕ್ಷ್ಮಿಯ ಹಾಗೆ ತಾವೇ ವೇಷ ತೊಟ್ಟು ನಿಂತಿದ್ದಾರೆ. ಆ ಲಕ್ಷ್ಮಿಯನ್ನು ನೀವು ಕ್ಯಾಲೆಂಡರ್‌ನಲ್ಲಿ, ದೇವರ ಕೋಣೆಯಲ್ಲಿ ನೋಡಿಯೇ ಇರುತ್ತೀರಿ. ಅಂದರೆ ಅರ್ಧ ಪಾಠ ನಿಮಗೆ ಮೊದಲೇ ಬಂದಿದೆ.

ಕೇಳಿದ ಮೇಲೂ ಇಷ್ಟವಾಗಲಿಲ್ಲವೇ? ಅದೂ ಸರಿಯಾದ ಉತ್ತರವೇ. ಯಾಕೆ ಇಷ್ಟವಾಗಲಿಲ್ಲ ಎಂದು ನಿಮಗೆ ನೀವೇ ಹೇಳಿಕೊಂಡರೆ ಸಾಕು.

ಹಂತ 12: ದಣಿಯುವ ಮೊದಲೇ ಹೊರಡಿ

ಎರಡು ಗಂಟೆ ಆಯಿತೆಂದರೆ ಹೊರಗೆ ಬನ್ನಿ. ಮೂರು ಕೃತಿಗಳ ಹೆಸರು, ಕಲಾವಿದರ ಹೆಸರು ನೋಟ್‌ಬುಕ್‌ನಲ್ಲಿ ಇವೆಯೇ ನೋಡಿಕೊಳ್ಳಿ. ಮನೆಗೆ ಹೋಗಿ ಅವರ ಬೇರೆ ಕೃತಿಗಳನ್ನು ಹುಡುಕಿ. ಕನ್ನಡ ನಾಡಿನವರಿಂದಲೇ ಶುರು ಮಾಡಬೇಕೆಂದರೆ ಕೆ. ವೆಂಕಟಪ್ಪ, ಕೆ.ಕೆ. ಹೆಬ್ಬಾರ್, ಎನ್.ಎಸ್. ಹರ್ಷ, ಎಲ್.ಎನ್. ತಲ್ಲೂರ್ ಇವರ ಹೆಸರುಗಳನ್ನು ಇಟ್ಟುಕೊಳ್ಳಿ.

ಮುಂದಿನ ಸಲ ಉಚಿತ ದಿನಕ್ಕಾಗಿ ಒಂದು ವರ್ಷ ಕಾಯಬೇಡಿ. ಎನ್‌ಜಿಎಂಎಯಲ್ಲಿ ಮಾಮೂಲಿ ದಿನದ ಟಿಕೆಟ್ ಕೂಡ ದುಬಾರಿಯಲ್ಲ. ಜನ ಕಡಿಮೆ ಇರುವ ಒಂದು ವಾರದ ದಿನ ಟಿಕೆಟ್ ತೆಗೆದುಕೊಂಡು ಹೋಗಿ, ಬಿಟ್ಟುಬಂದ ಕೃತಿಗಳಲ್ಲಿ ಇನ್ನೂ ಮೂರನ್ನು ನೋಡಿ. ಇದುವರೆಗೆ ಆ ಗೇಟು ದಾಟದ ಒಬ್ಬರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ.