ದೋಸೆಹಿಟ್ಟಿನಲ್ಲೂ ಇದೆ ಪ್ರಾಜೆಕ್ಟು

ಶಾಲೆಯಿಂದ ವಿಜ್ಞಾನ ವಸ್ತುಪ್ರದರ್ಶನದ ಸುದ್ದಿ ಬಂದ ಸಂಜೆಯೇ ಅಪ್ಪ ಸ್ಟೇಷನರಿ ಅಂಗಡಿಗೆ ಓಡುತ್ತಾರೆ, ಅಮ್ಮ ಯೂಟ್ಯೂಬ್ ತೆರೆಯುತ್ತಾರೆ. ಮಗುವನ್ನು ಯಾರೂ ಏನೂ ಕೇಳುವುದಿಲ್ಲ. ವಾರದೊಳಗೆ ಥರ್ಮೋಕೋಲಿನ ಜ್ವಾಲಾಮುಖಿ ಸಿದ್ಧ. ಅಡುಗೆ ಸೋಡಾಕ್ಕೆ ವಿನೆಗರ್ ಬಿದ್ದು ನೊರೆ ಉಕ್ಕುತ್ತದೆ, ಚಪ್ಪಾಳೆಯೂ ಬೀಳುತ್ತದೆ. ಆದರೆ ನಿಜವಾದ ಜ್ವಾಲಾಮುಖಿಯೊಳಗೆ ಸೋಡಾವೂ ಇಲ್ಲ, ವಿನೆಗರೂ ಇಲ್ಲ. ಕರಗಿದ ಶಿಲೆಯಲ್ಲಿ ಬೆರೆತಿದ್ದ ಅನಿಲಗಳು ಒತ್ತಡ ಇಳಿದಾಗ ಹೊರನುಗ್ಗುತ್ತವೆ. ‘ಇದರಲ್ಲಿ ನೀನು ಏನು ಕಂಡುಕೊಂಡೆ?’ ಎಂದು ತೀರ್ಪುಗಾರರು ಕೇಳಿದರೆ ಮಗು ಅಪ್ಪನ ಮುಖ ನೋಡುತ್ತದೆ.

ಮೊದಲ ಹೆಜ್ಜೆ, ಮಗುವಿನ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆಯಿಸುವುದು. ‘ಜಲಮಾಲಿನ್ಯ’, ‘ಸೌರಶಕ್ತಿ’ ಎಂದು ಬರೆದರೆ ಹೊಡೆದುಹಾಕಿ. ಅವು ಪಾಠದ ಹೆಸರುಗಳು. ‘ನಮ್ಮ ಬೋರ್‌ವೆಲ್ ನೀರಿನಲ್ಲಿ ಸೋಪಿನಿಂದ ಏಕೆ ನೊರೆ ಬರಲ್ಲ?’ ಎಂದರೆ ಅದು ಪ್ರಶ್ನೆ. ಬೋರ್‌ವೆಲ್ ನೀರು, ಮಳೆನೀರು, ಫಿಲ್ಟರ್ ನೀರನ್ನು ಒಂದೇ ಅಳತೆಯಲ್ಲಿ ಬಾಟಲಿಗಳಿಗೆ ತುಂಬಿ, ಸೋಪಿನ ನೀರನ್ನು ಹನಿಹನಿಯಾಗಿ ಹಾಕಿ ಕುಲುಕಿ, ನೊರೆ ನಿಲ್ಲಲು ಎಷ್ಟು ಹನಿ ಬೇಕಾಯಿತೆಂದು ಎಣಿಸಿದರಾಯಿತು. ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚಿದ್ದಷ್ಟೂ ಹನಿ ಹೆಚ್ಚು. ಇದಕ್ಕೆ ಡಿಟರ್ಜೆಂಟ್ ಪುಡಿ ಬೇಡ, ಅದು ಗಡಸು ನೀರಿನಲ್ಲೂ ನೊರೆ ಕೊಡುತ್ತದೆ.

ಆಮೇಲೆ ಪ್ರಶ್ನೆಯನ್ನು ಜರಡಿ ಹಿಡಿಯಬೇಕು. ಉತ್ತರವನ್ನು ಸ್ಕೇಲು, ಗಡಿಯಾರ, ಥರ್ಮಾಮೀಟರಿನಿಂದ ಅಳೆಯಬಹುದೇ? ಎರಡನೇ ಸಲ ಮಾಡಿ ನೋಡಲು ದಿನ ಉಳಿಯುತ್ತದೆಯೇ? ಇಲ್ಲವೆಂದರೆ ಬಿಟ್ಟುಬಿಡಿ.

ಹೆಚ್ಚಿನ ಮನೆಗಳು ಎಡವುವುದು ಇನ್ನೊಂದು ಕಡೆ. ಮೆಂತ್ಯ ಹಾಕಿದರೆ ದೋಸೆಹಿಟ್ಟು ಹೆಚ್ಚು ಉಬ್ಬುತ್ತದೆಯೇ ಎಂದು ನೋಡಲು ಹೊರಟ ಮಗು ಮೆಂತ್ಯದ ಹಿಟ್ಟನ್ನು ಒಲೆಯ ಪಕ್ಕ, ಮೆಂತ್ಯ ಇಲ್ಲದ್ದನ್ನು ಕಿಟಕಿಯ ಬಳಿ ಇಡುತ್ತದೆ. ಬೆಳಿಗ್ಗೆ ಮೊದಲನೆಯದು ಉಕ್ಕಿರುತ್ತದೆ. ಮೆಂತ್ಯದಿಂದಲೋ, ಒಲೆಯ ಬಿಸಿಯಿಂದಲೋ? ಹೇಳಲಾಗದು. ಹಿಟ್ಟಿನಲ್ಲಿ ಇಂಗಾಲದ ಡೈಆಕ್ಸೈಡ್ ಬಿಡುವ ಸೂಕ್ಷ್ಮಜೀವಿಗಳು ಬೆಚ್ಚಗಿದ್ದಷ್ಟೂ ಚುರುಕು. ಚಳಿಗಾಲದಲ್ಲಿ ಹಿಟ್ಟು ಹುಳಿಯಲು ತಡವಾಗುವುದು ಎಲ್ಲ ಅಡುಗೆಮನೆಗೂ ಗೊತ್ತು. ಆದ್ದರಿಂದ ಬದಲಾಗಬೇಕಾದ್ದು ಒಂದೇ ಒಂದು. ಹಿಟ್ಟನ್ನು ಒಟ್ಟಿಗೆ ರುಬ್ಬಿ ಎರಡು ಪಾಲು ಮಾಡಿ. ಒಂದಕ್ಕೆ ನೆನೆಸಿ ರುಬ್ಬಿದ ಮೆಂತ್ಯ ಸೇರಿಸಿ. ಮೆಂತ್ಯದ ಜೊತೆ ನೀರೂ ಹೋಗುತ್ತದಲ್ಲ, ಇನ್ನೊಂದು ಪಾಲಿಗೂ ಅಷ್ಟೇ ನೀರು ಬೀಳಬೇಕು. ಇದನ್ನು ದೊಡ್ಡವರೇ ಮರೆಯುತ್ತಾರೆ! ಉಪ್ಪು ಸಮ, ಜಾಗ ಒಂದೇ, ಗಾಜಿನ ಲೋಟಗಳೂ ಒಂದೇ ಆಕಾರದವು. ಅರ್ಧದವರೆಗೆ ಮಾತ್ರ ತುಂಬಿ, ಹಿಟ್ಟಿನ ಮಟ್ಟಕ್ಕೆ ರಬ್ಬರ್ ಬ್ಯಾಂಡ್ ಹಾಕಿ, ಎರಡು ಗಂಟೆಗೊಮ್ಮೆ ಸ್ಕೇಲಿನಿಂದ ಅಳೆದು ಬರೆಯಲಿ. ಪ್ರತಿ ಬಗೆಗೂ ಮೂರು ಲೋಟ ಇರಲಿ. ಒಂದೇ ಲೋಟದ ಫಲಿತಾಂಶವನ್ನು ನಂಬುವುದು ಹೇಗೆ?

ವ್ಯತ್ಯಾಸವೇ ಕಾಣದಿದ್ದರೆ? ಅದನ್ನೇ ಬರೆಯಲಿ. ಅಂಕಿಗಳನ್ನು ‘ಸರಿಮಾಡಿ’ಕೊಡುವ ಪಾಲಕರು ಮಗುವಿಗೆ ಸುಳ್ಳು ಕಲಿಸುತ್ತಾರೆ. ಇನ್ನೊಂದು ಎಚ್ಚರಿಕೆ: ಯಾವ ಪ್ರಯೋಗಕ್ಕೂ ಗೋಡೆಯ ಪ್ಲಗ್ಗಿನ ಕರೆಂಟು, ಆ್ಯಸಿಡ್ ಬೇಡವೇ ಬೇಡ.

ಚಾರ್ಟ್ ಕಡೆಯ ಕೆಲಸ: ಪ್ರಶ್ನೆ, ವಿಧಾನ, ಅಂಕಿಪಟ್ಟಿ, ಉತ್ತರ. ಅಕ್ಷರ ಮಗುವಿನದೇ ಇರಲಿ. ಒಳ್ಳೆಯ ಐಡಿಯಾ ಕೈಗೆ ಸಿಕ್ಕಿದರೆ ಕೇಂದ್ರ ಸರ್ಕಾರದ ಇನ್‌ಸ್ಪೈರ್-ಮಾನಕ್ ಯೋಜನೆಯ ಬಗ್ಗೆ ಶಾಲೆಯಲ್ಲಿ ವಿಚಾರಿಸಿ. ಆಯ್ಕೆಯಾದ ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ 10,000 ರೂಪಾಯಿ ಬರುತ್ತದೆ. ಪಾಲಕರು ನೇರವಾಗಿ ಅರ್ಜಿ ಹಾಕುವಂತಿಲ್ಲ, ಹೆಸರನ್ನು ಶಾಲೆಯೇ ಕಳಿಸಬೇಕು.