ಧ್ವನಿಮುದ್ರಣದ ಗಣಕಯಂತ್ರವನ್ನು ಕುರಿತು ತರುಣನಿಗೊಂದು ಪತ್ರ



ತೆಲಂಗಾಣದ ಮಕ್ತಲದಲ್ಲಿಯೂ ನಾರಾಯಣಪೇಟೆಯಲ್ಲಿಯೂ ಭಜನೆಗೆ ಕೂಡುವ ನಮ್ಮ ಹಿರಿಯರ ಕಂಠದಲ್ಲಿ ಉಳಿದಿರುವ ಹರಿದಾಸರ ಪದಗಳನ್ನು ಧ್ವನಿಮುದ್ರಿಸಿಡಬೇಕೆಂದು ನೀನು ಸಂಕಲ್ಪಿಸಿರುವೆಯೆಂದೂ, ಅದಕ್ಕಾಗಿ ಬಿಡಿಭಾಗಗಳನ್ನು ಆರಿಸಿ ಗಣಕಯಂತ್ರವೊಂದನ್ನು ಜೋಡಿಸಲಿರುವೆಯೆಂದೂ ತಿಳಿದು ಮನಸ್ಸು ತುಂಬಿತು. ಜಗನ್ನಾಥದಾಸರ ಗುರುಗಳಾದ ಗೋಪಾಲದಾಸರು ನೆಲೆಸಿದ್ದ ಉತ್ತನೂರು ಗದ್ವಾಲದ ಸೀಮೆಯದೇ. ಆ ಗದ್ವಾಲವಾದರೋ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ರಾಯಚೂರು ಜಿಲ್ಲೆಗೆ ಸೇರಿದ್ದಿತು. ಜಿಲ್ಲೆಯೂ ರಾಜ್ಯವೂ ಬದಲಾದ ಮೇಲೆಯೂ ಕನ್ನಡದ ಪದ ಈ ನೆಲದಲ್ಲಿ ನಿಲ್ಲದೆ ನಡೆದುಬಂದಿರುವುದರಿಂದ, ನಿನ್ನ ಕಾರ್ಯವನ್ನು ನಾನು ಬರಿಯ ಹವ್ಯಾಸವೆಂದು ಎಣಿಸಲಾರೆ.

ಗದ್ವಾಲದ ನೇಕಾರನು ಸೀರೆಯ ಒಡಲಿಗೆ ಹತ್ತಿಯನ್ನಿಟ್ಟು ಅಂಚಿಗೂ ಸೆರಗಿಗೂ ರೇಷ್ಮೆಯನ್ನು ಕೂಡಿಸುವಂತೆ, ನೀನೂ ಹಣವನ್ನು ಸ್ಥಾನವರಿತು ವಿನಿಯೋಗಿಸಬೇಕು. ಸ್ವರವು ಒಳಹೊಗುವ ದ್ವಾರಗಳಾದ ಮೈಕು ಮತ್ತು ಆಡಿಯೊ ಇಂಟರ್‌ಫೇಸುಗಳೇ ಇಲ್ಲಿ ರೇಷ್ಮೆಗೆ ಅರ್ಹವಾದವು. ಯಂತ್ರದ ಒಡಲು ನಿಶ್ಶಬ್ದವಾಗಿಯೂ ಸ್ಥಿರವಾಗಿಯೂ ಇದ್ದರೆ ಸಾಕು.

ಅಂಗಡಿಯಲ್ಲಿ ದುಬಾರಿಯ ಗ್ರಾಫಿಕ್ಸ್ ಕಾರ್ಡನ್ನು ತೋರಿಸಿದರೆ ವಿನಯದಿಂದ ಬೇಡವೆನ್ನು. ಧ್ವನಿಮುದ್ರಣಕ್ಕೆ ಅದರಿಂದ ಪ್ರಯೋಜನವಿಲ್ಲ. ಅದರ ಶಾಖವನ್ನು ಹೊರದೂಡಲು ತಿರುಗುವ ಫ್ಯಾನಿನ ಸದ್ದು, ಮುದುಕರೊಬ್ಬರು ಪಲ್ಲವಿಯನ್ನು ಮುಗಿಸಿ ಅನುಪಲ್ಲವಿಗೆ ಉಸಿರೆಳೆದುಕೊಳ್ಳುವ ಆ ಕ್ಷಣದ ಮೌನದಲ್ಲಿ ಮೈಕಿನೊಳಗೆ ಬಂದು ಕುಳಿತುಬಿಡುತ್ತದೆ. ಗ್ರಾಫಿಕ್ಸ್ ಒಳಗೊಂಡ ಪ್ರೊಸೆಸರನ್ನೇ ಕೊಳ್ಳು. ಅದರ ಕೋರುಗಳ ಸಂಖ್ಯೆಗೆ ಮರುಳಾಗದೆ ಒಂದೊಂದು ಕೋರಿನ ವೇಗವನ್ನು ವಿಚಾರಿಸು. ಸೆಕೆಂಡಿಗೆ 48,000 ಮಾದರಿಗಳಂತೆ ಮುದ್ರಿಸುವಾಗ 128 ಮಾದರಿಗಳ ಬಫರನ್ನಿಟ್ಟರೆ, ಪ್ರತಿಯೊಂದು ಕಂತಿನ ಕೆಲಸವನ್ನೂ ಯಂತ್ರವು ಸುಮಾರು 2.7 ಮಿಲಿಸೆಕೆಂಡುಗಳೊಳಗೆ ಮುಗಿಸಬೇಕಾಗುತ್ತದೆ. ಮುಗಿಸದಿದ್ದರೆ ಹಾಡಿನ ನಡುವೆ ಟಕ್ಕೆಂಬ ಸದ್ದು ಸೇರಿ, ಆ ಮುದ್ರಣವೇ ಕೆಡುತ್ತದೆ.

ಒಂದು ಟ್ರ್ಯಾಕು 24 ಬಿಟ್‌ನಲ್ಲಿ ಗಂಟೆಗೆ ಸುಮಾರು 520 ಎಂಬಿ ಜಾಗವನ್ನು ಹಿಡಿಯುತ್ತದೆ; ಗಾಯಕ, ಹಾರ್ಮೋನಿಯಂ, ತಬಲಾ, ತಾಳ ಎಂದು ನಾಲ್ಕನ್ನು ಹಿಡಿದರೂ ಗಂಟೆಗೆ 2 ಜಿಬಿಗಿಂತ ತುಸು ಹೆಚ್ಚು. ಆದುದರಿಂದ 1 ಟಿಬಿಯ ಎಸ್‌ಎಸ್‌ಡಿಯೂ 16 ಜಿಬಿ ರ‍್ಯಾಮೂ ನಿನ್ನ ಉದ್ದೇಶಕ್ಕೆ ಧಾರಾಳವಾದವು; ಚಲಿಸುವ ಭಾಗಗಳಿಲ್ಲದ ಕಾರಣ ಎಸ್‌ಎಸ್‌ಡಿ ಸದ್ದನ್ನೂ ಮಾಡದು. ನಮ್ಮ ಬೇಸಿಗೆಯ ಬಿಸಿಲೂ ಧೂಳೂ ನಿನಗೆ ತಿಳಿದವೇ. ಜಾಳಿಗೆಯುಳ್ಳ ವಿಶಾಲವಾದ ಕ್ಯಾಬಿನೆಟ್ಟಿನಲ್ಲಿ ಮೆಲ್ಲಗೆ ತಿರುಗುವ ದೊಡ್ಡ ಫ್ಯಾನುಗಳನ್ನೇ ಅಳವಡಿಸು. ಯಂತ್ರಕ್ಕೆ ವಿದ್ಯುತ್ತನ್ನು ಒದಗಿಸುವ ಎಸ್‌ಎಂಪಿಎಸ್‌ನಲ್ಲಿ ಜಿಪುಣತನ ಸಲ್ಲದು. ಮನೆಯ ಅರ್ಥಿಂಗ್ ಸರಿಯಿಲ್ಲದಿದ್ದರೆ 50 ಹರ್ಟ್ಸಿನ ಗುಂಯ್ಗುಡುವಿಕೆ ಸ್ವರದೊಡನೆ ಬೆರೆಯುವುದರಿಂದ, ಯಂತ್ರಕ್ಕಿಂತ ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಯಿಸು. ಕರೆಂಟು ಹೋದಾಗ ಕೆಲಸ ಕೈಜಾರದಂತೆ ಯುಪಿಎಸ್ಸನ್ನೂ ಇರಿಸಿಕೊ.

ಕೊನೆಯದಾಗಿ, ಪ್ರತಿಯೊಂದು ಪದದೊಡನೆ ಹಾಡಿದವರ ಹೆಸರು, ಊರು, ದಿನಾಂಕಗಳನ್ನು ಬರೆದಿಟ್ಟು, ಎರಡು ಹಾರ್ಡ್ ಡಿಸ್ಕುಗಳಲ್ಲಿ ಪ್ರತಿಮಾಡಿ, ಒಂದನ್ನು ಬೇರೆಯ ಮನೆಯಲ್ಲಿಡು. ಹೊಸ ಪ್ರೊಸೆಸರು ಬರಲೆಂದು ಕಾಯುತ್ತ ಕೂಡಬೇಡ. ಪ್ರೊಸೆಸರು ವರ್ಷ ವರ್ಷವೂ ಬರುತ್ತದೆ, ಹಾಡುವ ಹಿರಿಯರಿಗೆ ವಯಸ್ಸಾಗುತ್ತಿದೆ. ಎಲ್ಲರಿಗಿಂತ ಹಿರಿಯರಾದವರಿಂದ, ಈ ತಿಂಗಳಲ್ಲಿಯೇ ಆರಂಭಿಸು.

ಇತಿ ನಿನ್ನ ಹಿತಚಿಂತಕ.