ಅಮ್ಮನ ದೇವರಮನೆ ಖಾಲಿ ಮಾಡುವಾಗ

ಪ್ರಶ್ನೆ: ತಾಯಿ ತೀರಿಕೊಂಡು ವರ್ಷವಾಯಿತು. ಮನೆ ಖಾಲಿ ಮಾಡಿ ಕೊಡಬೇಕಾಗಿದೆ. ದೇವರಮನೆಯಲ್ಲಿ ಒಂದು ಸಾಲಿಗ್ರಾಮ, ಕೈ ಮುರಿದ ಹಿತ್ತಾಳೆ ಕೃಷ್ಣ, ಹತ್ತಾರು ಪಟಗಳಿವೆ. ನಮ್ಮ ಫ್ಲ್ಯಾಟಿನಲ್ಲಿ ಜಾಗ ಕಮ್ಮಿ, ಇಬ್ಬರೂ ಕೆಲಸಕ್ಕೆ ಹೋಗೋರು. ಬಿಟ್ಟುಕೊಟ್ಟರೆ ದೋಷವೇ?
– ಓದುಗರು, ಶಂಕರಪುರಂ

ಉತ್ತರ: ದೋಷವಿಲ್ಲ. ಆದರೆ ಬಿಡುವುದಕ್ಕೂ ಒಂದು ಕ್ರಮವಿದೆ. ಕೊನೆಯ ದಿನ ದೀಪ ಹಚ್ಚಿ, ಹಾಲು ನೈವೇದ್ಯ ಮಾಡಿ, ಮಂಗಳಾರತಿ ಎತ್ತಿ. ಅಕ್ಷತೆ ಹಾಕಿ, ಕ್ಷಮೆ ಕೇಳಿ, ದೇವರನ್ನು ಉತ್ತರಕ್ಕೆ ತುಸು ಕದಲಿಸಿ. ಆಮೇಲೆ ತೆಗೆಯಬಹುದು.

ಸಾಲಿಗ್ರಾಮ ಗಂಡಕೀ ನದಿಯಲ್ಲಿ ಸಿಗುವ ಶಿಲೆ. ಅದಕ್ಕೆ ಪ್ರಾಣಪ್ರತಿಷ್ಠೆ ಬೇಕಿಲ್ಲ. ಮುಕ್ಕಾದರೂ ಪೂಜೆಗೆ ಬರುತ್ತದೆ. ದಿನಾ ಒಂದು ಉದ್ಧರಣೆ ನೀರು, ಒಂದು ತುಳಸಿದಳ ಹಾಕಿದರೂ ಆಯಿತು, ಐದು ನಿಮಿಷದ ಕೆಲಸ. ಅದೂ ಆಗೋದಿಲ್ಲ ಅಂದರೆ ನಿತ್ಯಪೂಜೆ ಇರುವ ದಾಯಾದಿಗಳಿಗೆ ಕೊಡಿ. ಇಲ್ಲವೇ ನಿಮ್ಮ ಮನೆತನದ ಮಠದಲ್ಲಿ ಕೇಳಿ. ಶಂಕರಮಠವಂತೂ ನಿಮ್ಮ ಬಡಾವಣೆಯಲ್ಲೇ ಇದೆ. ಅವರು ಒಪ್ಪಿದರೆ ದಕ್ಷಿಣೆ ಸಹಿತ ಒಪ್ಪಿಸಿ. ಯಾರಿಗೂ ಹೇಳದೆ ಅರಳಿಕಟ್ಟೆಯ ಮೇಲೆ ಇಟ್ಟು ಬರಬೇಡಿ.

ಅಂಗ ಮುರಿದ ವಿಗ್ರಹ ನಿತ್ಯಪೂಜೆಗೆ ಬರೋದಿಲ್ಲ. ಕೃಷ್ಣನ ಕೈ ಬೆಸೆಸಿ, ಪುರೋಹಿತರಿಂದ ಶುದ್ಧಿ ಮಾಡಿಸಿ ಇಟ್ಟುಕೊಳ್ಳಿ. ಆಗದಿದ್ದರೆ ಕರಗಿಸಿ ದೀಪವೋ ಗಂಟೆಯೋ ಮಾಡಿಸಿ. ಪಟಗಳ ಗಾಜು, ಕಟ್ಟು ಬೇರೆ ಮಾಡಿ, ಕಾಗದವನ್ನು ಬಕೆಟ್ ನೀರಿನಲ್ಲಿ ನೆನೆಸಿ, ಕರಗಿದ ಮೇಲೆ ಗಿಡದ ಬುಡಕ್ಕೆ ಹಾಕಿ. ಕೆರೆಗೆ ಎಸೆಯಬೇಡಿ.

ಅಮ್ಮ ದಿನವೂ ಹಚ್ಚುತ್ತಿದ್ದ ದೀಪದಲ್ಲಿ ಒಂದನ್ನಾದರೂ ನಿಮ್ಮ ಮನೆಗೆ ತನ್ನಿ. ಕೆಲಸದಿಂದ ಬಂದವರು ಯಾರಾದರೂ ಸರಿ, ಸಂಜೆ ಕೈಕಾಲು ತೊಳೆದು ಹಚ್ಚಿ. ಅದಕ್ಕೆ ಜಾಗ ಸಾಲದೆ ಹೋಗುವುದಿಲ್ಲ.